ನಿಮಗಿದು ಗೊತ್ತೇ? ನಳದ ಹಿಂದಿನ ಹೊಳೆಗಳ ಲೆಕ್ಕ

● ಹುಬ್ಬಳ್ಳಿ–ಧಾರವಾಡದ ಮೇಲೆ ಬಿದ್ದ ಮಳೆ ಎರಡು ಸಮುದ್ರಗಳಿಗೆ ಪಾಲಾಗಿ ಹೋಗುತ್ತದೆ. ಅವಳಿ ನಗರ ಕೂತಿರುವುದೇ ನೀರು ಇಬ್ಭಾಗವಾಗುವ ದಿಬ್ಬದ ಮೇಲೆ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರು ಹೊತ್ತು ಅರಬ್ಬಿ ಸಮುದ್ರ ಸೇರುತ್ತದೆ. ಉಣಕಲ್ ಕೆರೆಯ ಕೋಡಿ ನೀರು ಹುಬ್ಬಳ್ಳಿಯ ನಡುವೆ ಹಾದು ಬೆಣ್ಣಿಹಳ್ಳದ ದಾರಿ ಹಿಡಿಯುತ್ತದೆ. ಬೆಣ್ಣಿಹಳ್ಳ ಮಲಪ್ರಭೆಗೆ, ಮಲಪ್ರಭೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ದಿಬ್ಬದ ಮೇಲಿನ ಊರಿಗೆ ಒಂದು ತೊಂದರೆ ತಪ್ಪಿದ್ದಲ್ಲ. ಎರಡೂ ಕಡೆಗೆ ಹೊಳೆ ಹುಟ್ಟಿಸಿ ಕಳಿಸುತ್ತದೆ, ತನ್ನ ಪಕ್ಕದಲ್ಲಿ ದೊಡ್ಡ ಹೊಳೆ ಇಟ್ಟುಕೊಳ್ಳಲಾರದು.

● ಅದಕ್ಕೇ ಇಲ್ಲಿನ ನಳಕ್ಕೆ ಎರಡು ಕಣಿವೆಗಳ ನೀರು ಬರುತ್ತದೆ. ಒಂದು, ಕಲಘಟಗಿ ತಾಲ್ಲೂಕಿನ ದುಮ್ಮವಾಡದ ಹತ್ತಿರ ಬೇಡ್ತಿಗೆ ಕಟ್ಟಿದ ನೀರಸಾಗರ. ಬರಗಾಲ ಬಂದರೆ ಮೊದಲು ತಳ ಕಾಣುವುದು ಇದೇ. ಇನ್ನೊಂದು, ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರ. ಅಲ್ಲಿಂದ ಮೇಲೆತ್ತಿದ ನೀರು ಅಮ್ಮಿನಭಾವಿಯ ಶುದ್ಧೀಕರಣ ಘಟಕಕ್ಕೆ ಬಂದು, ಶುದ್ಧವಾಗಿ ಊರಿಗೆ ಇಳಿಯುತ್ತದೆ. ಇಂದು ಊರು ನಂಬಿ ಕೂತಿರುವುದು ಮಲಪ್ರಭೆಯನ್ನೇ.

● ನವಿಲುತೀರ್ಥ ಅಣೆಕಟ್ಟಿನ ಉದ್ದ ಎಷ್ಟಿರಬಹುದು? ಸುಮಾರು 154 ಮೀಟರ್, ಅಷ್ಟೇ. ಎರಡು ಗುಡ್ಡಗಳ ನಡುವೆ ಹೊಳೆ ತಾನೇ ಕೊರೆದುಕೊಂಡ ಇಕ್ಕಟ್ಟಾದ ಕಂದರ ಅದು. ಎಂಜಿನಿಯರರು ಆ ಬಾಯಿ ಮುಚ್ಚಿದರು. 40 ಮೀಟರ್ ಎತ್ತರದ ಆ ಗೋಡೆಯ ಹಿಂದೆ 37.73 ಟಿಎಂಸಿ ನೀರು ನಿಲ್ಲಬಲ್ಲದು. ತುಂಗಭದ್ರಾ ಅಣೆಕಟ್ಟು ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ, ಆಲಮಟ್ಟಿ ಒಂದೂವರೆ ಕಿಲೋಮೀಟರ್. ಕಟ್ಟುವುದಕ್ಕೆ ಇಷ್ಟು ಅನುಕೂಲವಾದ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ. ಕೊರತೆ ಇದ್ದದ್ದು ಜಾಗದಲ್ಲಿ ಅಲ್ಲ, ಒಳಹರಿವಿನಲ್ಲಿ. ಜಲಾಶಯ ಪೂರ್ತಿ ತುಂಬಿದರೆ ಅದೇ ಸುದ್ದಿಯಾಗಿ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ತುಂಬದ ವರ್ಷಗಳು ಅಷ್ಟು ಹೆಚ್ಚು.

● ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಹೇಳುವುದಾದರೆ ಸುಮಾರು 2,832 ಕೋಟಿ ಲೀಟರ್. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿಗಿಂತ ತುಸು ಹೆಚ್ಚು. 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಎಡೆಬಿಡದೆ ಹರಿದರೆ ಒಂದು ಟಿಎಂಸಿ. ಈ ಒಂದು ಲೆಕ್ಕ ನೆನಪಿದ್ದರೆ ಮಳೆಗಾಲದ ನೀರಿನ ಸುದ್ದಿಯ ಅರ್ಧ ಭಾಗ ತಾನಾಗಿ ತಿಳಿಯುತ್ತದೆ.

● ನಮ್ಮ ಊರಿಗೆ ವರ್ಷಕ್ಕೆ ಎಷ್ಟು ನೀರು ಬೇಕು? 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 9,43,788. ಈಗ ಹತ್ತು ಲಕ್ಷ ದಾಟಿರಲೇಬೇಕು. ಲೆಕ್ಕಕ್ಕೆ ಹತ್ತು ಲಕ್ಷವನ್ನೇ ಹಿಡಿಯೋಣ. ನಗರಗಳಿಗೆ ಕೇಂದ್ರದ ಕೈಪಿಡಿ ಹೇಳುವುದು ತಲೆಗೆ ದಿನಕ್ಕೆ 135 ಲೀಟರ್. ಹಾಗೆ ನೋಡಿದರೆ ದಿನಕ್ಕೆ 13.5 ಕೋಟಿ ಲೀಟರ್, ವರ್ಷಕ್ಕೆ ಸುಮಾರು 1.74 ಟಿಎಂಸಿ. ತುಂಬಿದ ರೇಣುಕಾಸಾಗರದ ಇಪ್ಪತ್ತರಲ್ಲಿ ಒಂದು ಪಾಲೂ ಅಲ್ಲ! ಆದರೆ ಪೈಪಿನಲ್ಲಿ ಮೂರರಲ್ಲೊಂದು ಪಾಲು ಸೋರಿಹೋದರೆ ಅಷ್ಟೇ ಜನಕ್ಕೆ 2.6 ಟಿಎಂಸಿ ಎತ್ತಬೇಕಾಗುತ್ತದೆ. ಈ ಹೆಚ್ಚುವರಿಯನ್ನು ನದಿ ನೀರು ಹಂಚುವ ಯಾವ ನ್ಯಾಯಮಂಡಳಿಯೂ ಕೊಡುವುದಿಲ್ಲ.

● ಹಾಗಾದರೆ ಉಳಿದ ನೀರು ಯಾರದು? ಸುಮಾರು 2 ಲಕ್ಷ ಹೆಕ್ಟೇರ್ ಹೊಲಗಳದು. ನರಗುಂದ, ನವಲಗುಂದದ ಎರೆ ನೆಲಕ್ಕೆ ಬಲದಂಡೆ ಕಾಲುವೆ ಹೋಗುತ್ತದೆ. ಎಡದಂಡೆ ಕಾಲುವೆಯೂ ಇದೆ. ಜಲಾಶಯ ಅರ್ಧ ತುಂಬಿದ ವರ್ಷ ನೀರಾವರಿ ಸಲಹಾ ಸಮಿತಿ ಸೇರಿದಾಗ ಒಂದೇ ಪ್ರಶ್ನೆ: ಬೇಸಿಗೆಯ ಕುಡಿಯುವ ನೀರಿಗೆ ಎಷ್ಟು ಉಳಿಸಬೇಕು, ಹಿಂಗಾರಿಗೆ ಎಷ್ಟು ಬಿಡಬೇಕು? 1987ರ ಮೊದಲ ರಾಷ್ಟ್ರೀಯ ಜಲನೀತಿಯೇ ಕುಡಿಯುವ ನೀರಿಗೆ ಮೊದಲ ಸ್ಥಾನ ಕೊಟ್ಟಿತು. ನೀತಿ ಸರಿಯಾದದ್ದೇ. ಆದರೆ ಧಾರವಾಡದ ಮನೆಯೊಂದರ ಟಾಕಿ ತುಂಬುವಾಗ ನವಲಗುಂದದ ಕಡಲೆ ಹೊಲ ಒಂದು ಸಲದ ನೀರಿಗೆ ಕಾಯುತ್ತಿರುತ್ತದೆ ಎಂಬುದನ್ನು ಊರಿನವರು ಮರೆಯಬಾರದು.

● 1980ರ ಜುಲೈ 21. ನವಲಗುಂದ, ನರಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಬೀದಿಗಿಳಿದಿದ್ದರು. ಹೊಲಕ್ಕೆ ನೀರು ಸರಿಯಾಗಿ ಬಂದಿರಲಿಲ್ಲ, ಅಭಿವೃದ್ಧಿ ಕರದ ನೋಟಿಸು ಮಾತ್ರ ತಪ್ಪದೆ ಬಂದಿತ್ತು. ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. 1983ರಲ್ಲಿ ಗುಂಡೂರಾವ್ ಸರ್ಕಾರ ಬಿದ್ದುದಕ್ಕೆ ಕಾರಣ ಹುಡುಕುವ ಯಾರೂ ನರಗುಂದವನ್ನು ಬಿಟ್ಟು ಮಾತಾಡುವುದಿಲ್ಲ. ಪ್ರತಿ ಜುಲೈ 21ರಂದು ಇಂದಿಗೂ ಅಲ್ಲಿ ಹುತಾತ್ಮ ರೈತರ ಸ್ಮರಣೆ ನಡೆಯುತ್ತದೆ. ಕರ್ನಾಟಕದ ರಾಜಕೀಯವನ್ನೇ ತಿರುಗಿಸಿದ ಈ ಹೋರಾಟ ಶುರುವಾದದ್ದು ನಮ್ಮ ನಳಕ್ಕೆ ನೀರು ಕೊಡುವ ಜಲಾಶಯದ ಕಾಲುವೆಯ ಮೇಲೆಯೇ.

● ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಮಹದಾಯಿ ಹುಟ್ಟುವುದು ಅದೇ ತಾಲ್ಲೂಕಿನ ದೇಗಾಂವದ ಬಳಿ. ಒಂದೇ ಕಾಡಿನ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಮೂಡಲಕ್ಕೆ ಹೊರಟು 304 ಕಿಲೋಮೀಟರ್ ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ, ಇನ್ನೊಬ್ಬಳು ಘಟ್ಟ ಇಳಿದು ಗೋವಾದಲ್ಲಿ ಮಾಂಡೋವಿ ಎನಿಸಿಕೊಂಡು ಪಣಜಿಯ ಬಳಿ ಕಡಲಿಗೆ ಬೀಳುತ್ತಾಳೆ. ಕಳಸಾ, ಬಂಡೂರಿ ಎರಡೂ ಮಹದಾಯಿಗೆ ಸೇರುವ ಹಳ್ಳಗಳು. ಅವುಗಳ ಒಂದಿಷ್ಟು ನೀರನ್ನು ದಿಬ್ಬ ದಾಟಿಸಿ ಮಲಪ್ರಭೆಗೆ ಕೂಡಿಸಬೇಕು ಎಂಬುದೇ ಕಳಸಾ–ಬಂಡೂರಿ ಯೋಜನೆಯ ಸಾರ. ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಜಿಲ್ಲೆಗಳ ಕುಡಿಯುವ ನೀರಿಗೆಂದು ಮೊದಲು ಕೇಳಿದ್ದು 7.56 ಟಿಎಂಸಿ: ಕಳಸಾದಿಂದ 3.56, ಬಂಡೂರಿಯಿಂದ 4.

● ಮಹದಾಯಿಯ ಕೊಳ್ಳ ಒಟ್ಟು 2,032 ಚದರ ಕಿಲೋಮೀಟರ್. ಅದರಲ್ಲಿ ಗೋವಾದ್ದು 1,580, ಕರ್ನಾಟಕದ್ದು 375, ಮಹಾರಾಷ್ಟ್ರದ್ದು 77. ದೂಧ್‌ಸಾಗರದ ಜಲಪಾತದ ನೀರೂ ಕೊನೆಗೆ ಸೇರುವುದು ಇದೇ ಹೊಳೆಗೆ.

● 2002ರ ಏಪ್ರಿಲ್ 30ರಂದು ಕೇಂದ್ರ ಸರ್ಕಾರ 7.56 ಟಿಎಂಸಿಗೆ ತಾತ್ವಿಕ ಒಪ್ಪಿಗೆ ಕೊಟ್ಟಿತ್ತು. ಗೋವಾ ಆಕ್ಷೇಪಿಸಿತು, ನ್ಯಾಯಮಂಡಳಿ ಬೇಕೆಂದಿತು. ಅದೇ ಸೆಪ್ಟೆಂಬರಿನಲ್ಲಿ ಆ ಒಪ್ಪಿಗೆಯನ್ನು ತಡೆಹಿಡಿಯಲಾಯಿತು. ಐದು ತಿಂಗಳೂ ಬಾಳಲಿಲ್ಲ. 2006ರಲ್ಲಿ ಕಣಕುಂಬಿಯಲ್ಲಿ ಅಡಿಗಲ್ಲು ಬಿತ್ತು. 2010ರ ನವೆಂಬರ್ 16ರಂದು ನ್ಯಾಯಮೂರ್ತಿ ಜೆ.ಎಂ. ಪಾಂಚಾಲ್ ಅಧ್ಯಕ್ಷತೆಯಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿ ರಚನೆಯಾಯಿತು. 2015ರ ಜುಲೈ 16ರಂದು ನರಗುಂದದಲ್ಲಿ ರೈತರು ಧರಣಿಗೆ ಕೂತರು. ಅದು ವರ್ಷಗಟ್ಟಲೆ ನಡೆಯಿತು. 2016ರ ಜುಲೈ 27ರಂದು ಮಧ್ಯಂತರವಾಗಿ 7 ಟಿಎಂಸಿ ಕೊಡಿ ಎಂಬ ಕರ್ನಾಟಕದ ಅರ್ಜಿಯನ್ನು ನ್ಯಾಯಮಂಡಳಿ ತಿರಸ್ಕರಿಸಿದಾಗ ಉತ್ತರ ಕರ್ನಾಟಕವೇ ಬಂದ್ ಆಯಿತು. ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಹೊಡೆದರೆಂಬ ದೂರು ರಾಜ್ಯವನ್ನೇ ಕದಡಿತು. ವಯಸ್ಸಾದವರು, ಹೆಂಗಸರು ಕೂಡ ಪೆಟ್ಟು ತಿಂದಿದ್ದರು. ಬೆಣ್ಣಿಹಳ್ಳದ ದಂಡೆಯ ಈ ಊರಿನ ದರ್ಗಾಕ್ಕೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತಾರೆ. ಉರುಸಿನಲ್ಲಿ ಹಳ್ಳದ ನೀರಿನಿಂದಲೇ ದೀಪ ಉರಿಯುತ್ತದೆ ಎಂಬ ನಂಬಿಕೆ ಅಲ್ಲಿನದು. ನೀರಿನ ಮೇಲೆ ಅಷ್ಟು ಭಕ್ತಿ ಇಟ್ಟ ಊರು ನೀರು ಕೇಳಿ ಏಟು ತಿಂದಿತು.

● ಹೊಳೆಯಲ್ಲಿ ಎಷ್ಟು ನೀರಿದೆ ಎಂಬುದೇ ಜಗಳದ ಮೊದಲ ಗಂಟು. ಮಹದಾಯಿಯಲ್ಲಿ ಸಿಗುವುದು 113 ಟಿಎಂಸಿಯಷ್ಟೇ ಎಂದಿತು ಗೋವಾ. ಕರ್ನಾಟಕ 200ರ ಹತ್ತಿರದ ಅಂಕಿ ಹೇಳಿತು. ಒಂದೇ ಹೊಳೆ, ಇಬ್ಬರೂ ಓದಿದ ಎಂಜಿನಿಯರರೇ! ಸಾಕ್ಷ್ಯ, ಮಳೆಯ ದಾಖಲೆ, ಹರಿವಿನ ಮಾಪನ ಎಲ್ಲ ತೂಗಿ ನ್ಯಾಯಮಂಡಳಿ ಒಪ್ಪಿದ್ದು 188.06 ಟಿಎಂಸಿ, ಅದೂ ಶೇ 75ರ ಭರವಸೆಯ ಲೆಕ್ಕದಲ್ಲಿ.

ಈ ‘ಶೇ 75ರ ಭರವಸೆ’ ಹಲವು ನದಿ ತೀರ್ಪುಗಳಲ್ಲಿ ಬರುವ ಮಾತು. ನೂರು ವರ್ಷದ ಹರಿವು ಬರೆದಿಟ್ಟರೆ ಅದರಲ್ಲಿ 75 ವರ್ಷ ಕನಿಷ್ಠ ಇಷ್ಟಾದರೂ ನೀರು ಬಂದೇ ಇರುತ್ತದೆ ಎಂದರ್ಥ. ಅಂದರೆ ನಾಲ್ಕರಲ್ಲಿ ಒಂದು ವರ್ಷ ಹಂಚಿಕೆಯ ಕಾಗದದಲ್ಲಿರುವಷ್ಟು ನೀರು ಹೊಳೆಯಲ್ಲಿ ಇರುವುದಿಲ್ಲ. ಜಗಳ ಹೊತ್ತಿಕೊಳ್ಳುವುದು ಆ ನಾಲ್ಕನೆಯ ವರ್ಷದಲ್ಲಿ. ಆ ವರ್ಷಕ್ಕೆ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಸೂತ್ರ ಮೊದಲೇ ಬರೆದಿಟ್ಟಿದ್ದರೆ ಅರ್ಧ ಬಂದ್‌ಗಳು ತಪ್ಪುತ್ತಿದ್ದವು ಎಂಬುದು ನನ್ನ ದೃಢ ನಂಬಿಕೆ.

● 2018ರ ಆಗಸ್ಟ್ 14ರ ತೀರ್ಪು: ಕರ್ನಾಟಕಕ್ಕೆ 13.42 ಟಿಎಂಸಿ, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33. ಕರ್ನಾಟಕ ಕೇಳಿದ್ದು 36 ಟಿಎಂಸಿಗೂ ಮೇಲೆ. ಸಿಕ್ಕ 13.42ರಲ್ಲಿ 8.02 ವಿದ್ಯುತ್ ಉತ್ಪಾದನೆಗೆ. ಆ ನೀರು ಚಕ್ರ ತಿರುಗಿಸಿ ಮತ್ತೆ ಹೊಳೆಗೇ ಸೇರಬೇಕು. 1.50 ಮಹದಾಯಿ ಕೊಳ್ಳದ ಒಳಗಿನ ಬಳಕೆಗೆ. ದಿಬ್ಬ ದಾಟಿ ಮಲಪ್ರಭೆಗೆ ಬರುವುದು 3.90 ಮಾತ್ರ: ಕಳಸಾದಿಂದ 1.72, ಬಂಡೂರಿಯಿಂದ 2.18. ಕೇಳಿದ 7.56ರ ಅರ್ಧಕ್ಕಿಂತ ತುಸು ಹೆಚ್ಚು. ‘ಹದಿಮೂರು ಟಿಎಂಸಿ ಬಂತು’ ಎಂದು ಅಂದು ಸಿಹಿ ಹಂಚಿದವರೂ ಇದ್ದರು. ಮಲಪ್ರಭೆಯ ಮಟ್ಟಿಗೆ ಬಂದದ್ದು ನಾಲ್ಕೂ ಅಲ್ಲ.

188ರಲ್ಲಿ 3.9 ಎಂದರೆ ನೂರಕ್ಕೆ ಎರಡು ಪಾಲು. ನಾಲ್ಕು ಜಿಲ್ಲೆಗಳ ಕುಡಿಯುವ ನೀರಿಗೆ ಇದು ದೊಡ್ಡ ಬೇಡಿಕೆಯಲ್ಲ, ನ್ಯಾಯವಾದದ್ದು.

● ಗೋವಾದ ಮಾತೂ ಹುರುಳಿಲ್ಲದ್ದಲ್ಲ, ಅದನ್ನು ನಮ್ಮ ಕಡೆಯವರು ಕೇಳಿಸಿಕೊಳ್ಳಬೇಕು. ಪಣಜಿ, ಫೋಂಡಾದ ನಳಗಳಿಗೆ ನೀರು ಬರುವುದು ಓಪಾ ಜಲಾಗಾರದಿಂದ. ಓಪಾ ಇರುವುದು ಮಹದಾಯಿಯ ಉಪನದಿ ಖಾಂಡೇಪಾರಿನ ಮೇಲೆ. ಕೆಳಗಿನ ಅಳಿವೆಯಲ್ಲಿ ಖಾಜನ್ ಎಂಬ ಹಳೆಯ ಕೃಷಿಪದ್ಧತಿ ಇದೆ. ಒಡ್ಡು ಕಟ್ಟಿ, ತೂಬಿಟ್ಟು, ಭರತ–ಇಳಿತಗಳನ್ನು ಅಳೆದು ಭತ್ತವನ್ನೂ ಮೀನನ್ನೂ ಬೆಳೆಯುವ ಪದ್ಧತಿ. ಮೇಲಿನಿಂದ ಸಿಹಿನೀರು ಒತ್ತುತ್ತಿದ್ದರೆ ಉಪ್ಪುನೀರು ಹಿಂದೆ ಸರಿಯುತ್ತದೆ. ಒತ್ತಡ ತಗ್ಗಿದರೆ ಒಳನುಗ್ಗುತ್ತದೆ. ಹುಬ್ಬಳ್ಳಿಯಲ್ಲಿ ಕೂತು ‘ಸಮುದ್ರಕ್ಕೆ ಸುಮ್ಮನೆ ಹರಿದುಹೋಗುವ ನೀರು’ ಎಂದುಬಿಡುವುದು ಸುಲಭ. ಅಳಿವೆಯ ರೈತನಿಗೆ ಅದು ಸುಮ್ಮನೆ ಹರಿಯುವ ನೀರಲ್ಲ.

ಕಾಡಿನದು ಇನ್ನೊಂದು ಪ್ರಶ್ನೆ. ಕರ್ನಾಟಕದ ಭೀಮಗಡ ಅಭಯಾರಣ್ಯ ಘೋಷಣೆಯಾದದ್ದು 2011ರಲ್ಲಿ, ಗೋವಾದ ಮಹದಾಯಿ ಅಭಯಾರಣ್ಯ 1999ರಲ್ಲಿ. ಭೀಮಗಡದ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಬಾವಲಿ ಎಂಬ ಅಪರೂಪದ ಜೀವಿ ನೆಲೆಸಿದೆ. ಮಲಪ್ರಭೆಗೂ ಮಹದಾಯಿಗೂ ನೀರು ಹುಟ್ಟಿಸುವುದು ಈ ಕಾಡೇ ಆದ್ದರಿಂದ, ಕಾಡು ಕಡಿದು ನೀರು ತರುತ್ತೇವೆ ಎನ್ನುವುದು ನಮಗೇ ನಷ್ಟ.

● ತೀರ್ಪಾಗಿ ಇಷ್ಟು ವರ್ಷವಾದರೂ ನೀರೇಕೆ ಬರಲಿಲ್ಲ? ಮೂರೂ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ತೀರ್ಪು ಗೆಜೆಟ್ಟಿನಲ್ಲಿ ಪ್ರಕಟವಾದದ್ದೇ 2020ರ ಫೆಬ್ರುವರಿ 27ರಂದು. ಕಾಡಿನ ನೆಲ ಕಡಿಮೆ ಬಳಕೆಯಾಗುವಂತೆ, ನೀರನ್ನು ಪಂಪಿನಿಂದ ಮೇಲೆತ್ತುವ ಏತ ಪದ್ಧತಿಗೆ ಯೋಜನೆಯನ್ನು ಬದಲಿಸಲಾಯಿತು. ಆ ಪರಿಷ್ಕೃತ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿಗೆ ಕೊಟ್ಟ ಸುದ್ದಿ 2022ರ ಡಿಸೆಂಬರ್ 29ರಂದು ಬಂತು. ಮರುತಿಂಗಳೇ ಗೋವಾದ ವನ್ಯಜೀವಿ ಅಧಿಕಾರಿಗಳು ಕರ್ನಾಟಕಕ್ಕೆ ನೋಟಿಸು ಕಳಿಸಿದರು. ಅಭಯಾರಣ್ಯಕ್ಕೆ ಹರಿದುಬರುವ ನೀರನ್ನು ಅನುಮತಿಯಿಲ್ಲದೆ ತಿರುಗಿಸುವಂತಿಲ್ಲ ಎನ್ನುವ ವನ್ಯಜೀವಿ ಕಾಯ್ದೆಯ 29ನೆಯ ಕಲಮು ಅವರ ಆಧಾರ. 2023ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ, ತೀರ್ಪಿನ ಜಾರಿ ನೋಡಿಕೊಳ್ಳಲು ‘ಪ್ರವಾಹ್’ ಎಂಬ ಪ್ರಾಧಿಕಾರಕ್ಕೆ ಒಪ್ಪಿಗೆ ನೀಡಿತು. ಅದರ ಕೇಂದ್ರ ಕಚೇರಿ ಇರುವುದು ಪಣಜಿಯಲ್ಲಿ.

● ಪಶ್ಚಿಮದ ನೀರು ಪೂರ್ವಕ್ಕೆ ತರಬಾರದು ಎನ್ನುತ್ತಾರೆ. ಪೂರ್ವದ ನೀರು ಪಶ್ಚಿಮಕ್ಕೆ ಹೋಗುತ್ತಿರುವುದು ಗೊತ್ತೇ? ಮಹಾರಾಷ್ಟ್ರದ ಕೊಯ್ನಾ ಕೃಷ್ಣೆಯ ಉಪನದಿ. ಅಲ್ಲಿ ಸುಮಾರು 105 ಟಿಎಂಸಿಯ ಜಲಾಶಯ ಕಟ್ಟಿ, ನೀರನ್ನು ಘಟ್ಟದ ಕೆಳಗೆ ಪೋಫಳಿಗೆ ಇಳಿಸಿ ವಿದ್ಯುತ್ ತೆಗೆಯುತ್ತಾರೆ. ಆಮೇಲೆ ಆ ನೀರು ಚಿಪ್ಳೂಣದ ವಾಶಿಷ್ಠಿ ಹೊಳೆಗೆ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಕೃಷ್ಣೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಇದಕ್ಕೆ ವರ್ಷಕ್ಕೆ 67.5 ಟಿಎಂಸಿಯವರೆಗೆ ಅವಕಾಶ ಕೊಟ್ಟಿದೆ. ಕಳಸಾ–ಬಂಡೂರಿಯ 3.9ರ ಹದಿನೇಳು ಪಟ್ಟು! ದಕ್ಷಿಣದಲ್ಲಿ 1895ರಷ್ಟು ಹಿಂದೆಯೇ ಪೆರಿಯಾರ್ ನೀರನ್ನು ಘಟ್ಟ ದಾಟಿಸಿ ಮದುರೆಯ ವೈಗೈ ಕೊಳ್ಳಕ್ಕೆ ಹರಿಸಿದರು. ತಿರುವಾಂಕೂರಿನೊಡನೆ ಅದಕ್ಕೆ 999 ವರ್ಷದ ಗುತ್ತಿಗೆ ಆಗಿತ್ತು. ಕೊಳ್ಳ ದಾಟಿಸುವುದು ಹೊಸದೂ ಅಲ್ಲ, ನಿಷಿದ್ಧವೂ ಅಲ್ಲ. ಎಷ್ಟು, ಯಾವಾಗ, ಯಾರನ್ನು ಕೇಳಿ ಎಂಬುದೇ ಪ್ರಶ್ನೆ.

● ಬಚಾವತ್ ತೀರ್ಪಿನಲ್ಲಿ ನಮ್ಮ ಊರಿಗೆ ನೇರವಾಗಿ ತಟ್ಟುವ ಒಂದು ಸಣ್ಣ ಕಲಮು ಇದೆ, ಹೆಚ್ಚು ಜನ ಗಮನಿಸಿಲ್ಲ. ಕೃಷ್ಣಾ ಕೊಳ್ಳದಲ್ಲಿ ಊರುಗಳ ಬಳಕೆಗೆ ಎತ್ತಿದ ನೀರಿನಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ಮಾತ್ರ ರಾಜ್ಯದ ಖರ್ಚಿಗೆ ಬರೆಯಬೇಕು. ಉಳಿದ ಎಂಬತ್ತು ಪಾಲು ಬಚ್ಚಲು, ಚರಂಡಿಗಳ ಮೂಲಕ ಹೊಳೆಗೇ ಮರಳುತ್ತದೆ ಎಂಬ ಎಣಿಕೆ ಅದು. ಹುಬ್ಬಳ್ಳಿಯ ಕೊಳಚೆ ನಿಜಕ್ಕೂ ನಾಲೆ ಹಿಡಿದು ಬೆಣ್ಣಿಹಳ್ಳದ ಕಡೆಗೇ ಹೋಗುತ್ತದೆ. ದಾರಿಯಲ್ಲಿ ರೈತರು ಅದನ್ನೇ ಪಂಪು ಹಚ್ಚಿ ಎತ್ತಿ ಕಾಯಿಪಲ್ಲೆ ಬೆಳೆಯುತ್ತಾರೆ. ಲೆಕ್ಕದಲ್ಲಿ ನೀರು ಮರಳಿತು ನಿಜ. ಯಾವ ರೂಪದಲ್ಲಿ ಮರಳಿತು ಎಂದು ಬೆಣ್ಣಿಹಳ್ಳದ ದಂಡೆಯ ಹಳ್ಳಿಗಳನ್ನು ಕೇಳಬೇಕು. ಗೋವಾದಿಂದ ಶುದ್ಧ ನೀರು ಕೇಳುವ ಊರು ತನ್ನ ಕೆಳಗಿನ ಹಳ್ಳಿಗಳಿಗೆ ಕೊಳಚೆ ಕಳಿಸುವುದು ತಪ್ಪು. ಇದನ್ನು ಸರಿಪಡಿಸಲು ಯಾವ ರಾಜ್ಯದ ಒಪ್ಪಿಗೆಯೂ ಬೇಕಿಲ್ಲ.

● ಕೃಷ್ಣೆಯ ಅಂಕಿಗಳು, ಬೇಗ ಬೇಗ: ಬಚಾವತ್ ನ್ಯಾಯಮಂಡಳಿ ರಚನೆ 1969ರಲ್ಲಿ, ವರದಿ 1973ರಲ್ಲಿ, ಗೆಜೆಟ್ 1976ರಲ್ಲಿ. ಒಟ್ಟು 2,060 ಟಿಎಂಸಿಯಲ್ಲಿ ಆಂಧ್ರಕ್ಕೆ 800, ಕರ್ನಾಟಕಕ್ಕೆ 700, ಮಹಾರಾಷ್ಟ್ರಕ್ಕೆ 560. ಎರಡನೆಯದು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ: 2004ರಲ್ಲಿ ರಚನೆ, 2010ರ ಡಿಸೆಂಬರ್ 30ರಂದು ತೀರ್ಪು. ಆಲಮಟ್ಟಿಯಲ್ಲಿ 519.60 ಮೀಟರಿನ ಬದಲು 524.256 ಮೀಟರಿಗೆ ನೀರು ನಿಲ್ಲಿಸಲು ಅದು ಒಪ್ಪಿತು.

● 2019ರ ಆಗಸ್ಟ್ ಪ್ರವಾಹದಲ್ಲಿ ಸಾಂಗ್ಲಿ, ಕೊಲ್ಹಾಪುರ ಮುಳುಗಿದಾಗ ಮಹಾರಾಷ್ಟ್ರದಲ್ಲಿ ಬಹಳ ಜನ ಬೆರಳು ತೋರಿದ್ದು ಆಲಮಟ್ಟಿಯ ಕಡೆಗೆ. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ, ಆಲಮಟ್ಟಿಯ ಹಿನ್ನೀರು ಆ ಪ್ರವಾಹಕ್ಕೆ ಕಾರಣವಲ್ಲ ಎಂದಿತು. ಅದೇ ವಾರ ನಮ್ಮ ಕಡೆ ನವಿಲುತೀರ್ಥದ ಗೇಟು ತೆರೆದು ಮಲಪ್ರಭೆ ಉಕ್ಕಿತ್ತು. ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತಿತು, ನರಗುಂದ, ರೋಣ, ಬಾದಾಮಿ ತಾಲ್ಲೂಕುಗಳ ಹಳ್ಳಿಗಳು ಖಾಲಿಯಾದವು. ನಾಲ್ಕು ವರ್ಷ ನೀರಿಲ್ಲವೆಂದು ಹೋರಾಡಿದ ಜನವೇ ಅಂದು ನೀರಿನಿಂದ ಓಡಬೇಕಾಯಿತು. ಜಲಾಶಯ ನಡೆಸುವವರ ಸಂಕಟ ಇದೇ: ಆಗಸ್ಟಿನಲ್ಲಿ ತುಂಬಿಟ್ಟುಕೊಂಡರೆ ಪ್ರವಾಹದ ಭಯ, ಖಾಲಿ ಬಿಟ್ಟರೆ ಏಪ್ರಿಲ್ಲಿನಲ್ಲಿ ಕೊಡದ ಸಾಲು. ಇದಕ್ಕೆ ಮದ್ದು ಒಂದೇ. ಮೇಲಿನ ಜಲಾಶಯ ಎಷ್ಟು ಬಿಡಲಿದೆ, ಮೇಲೆ ಎಷ್ಟು ಮಳೆಯಾಗಿದೆ ಎಂಬುದು ಕೆಳಗಿನವರಿಗೆ ಗಂಟೆಗಂಟೆಗೂ ತಿಳಿಯುತ್ತಿರಬೇಕು.

● ಜಗಳವಿಲ್ಲದೆ ನಡೆಯುವ ಜಂಟಿ ಜಲಾಶಯ ಇಲ್ಲವೇ? ಹತ್ತಿರದಲ್ಲೇ ಇದೆ. ಹೊಸಪೇಟೆಯ ತುಂಗಭದ್ರಾ ಕಟ್ಟಲು ಶುರುವಾದಾಗ ಒಂದು ದಂಡೆ ನಿಜಾಮನ ಹೈದರಾಬಾದಿನದು, ಇನ್ನೊಂದು ಮದ್ರಾಸ್ ಪ್ರಾಂತ್ಯದ್ದು. ಮುಗಿಯುವ ಹೊತ್ತಿಗೆ ಆಂಧ್ರ ರಾಜ್ಯ ಹುಟ್ಟಿತ್ತು. 1953ರ ಆಂಧ್ರ ರಾಜ್ಯ ಕಾಯ್ದೆಯ ಅಡಿಯಲ್ಲಿ ತುಂಗಭದ್ರಾ ಮಂಡಳಿ ರೂಪುಗೊಂಡಿತು. ಪ್ರತಿ ಮಳೆಗಾಲದಲ್ಲಿ ಮಂಡಳಿ ಈ ವರ್ಷ ಎಷ್ಟು ನೀರು ಬರಬಹುದೆಂದು ಅಂದಾಜಿಸುತ್ತದೆ. ಕೊರತೆ ಕಂಡರೆ ಪಾಲಿನ ಪ್ರಮಾಣದಲ್ಲೇ ಎಲ್ಲರಿಗೂ ಕಡಿತ. ತಕರಾರು ಇಲ್ಲವೆಂದಲ್ಲ, ತಕರಾರು ಹೇಳಲು ಒಂದು ಮೇಜಿದೆ, ಎಲ್ಲರೂ ಒಪ್ಪಿದ ಒಂದು ಲೆಕ್ಕದ ಪುಸ್ತಕವಿದೆ.

ಆದರೆ ಜಂಟಿ ಆಸ್ತಿಯ ದುರಸ್ತಿ ಯಾರ ಜವಾಬ್ದಾರಿ ಎಂಬ ಪ್ರಶ್ನೆಯನ್ನೂ ಅದೇ ಜಲಾಶಯ ಎತ್ತಿತು. 2024ರ ಆಗಸ್ಟ್ 10ರ ರಾತ್ರಿ ಅಲ್ಲಿನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ಹತ್ತಾರು ಟಿಎಂಸಿ ಹೊರಬಿತ್ತು. ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ಬಾಯಿ ಮುಚ್ಚಿದ ಎಂಜಿನಿಯರರ, ಕಾರ್ಮಿಕರ ಕೆಲಸಕ್ಕೆ ಕೈ ಮುಗಿಯಬೇಕು.

● ಅದೇ ತುಂಗಭದ್ರೆಯಲ್ಲಿ ಕಟ್ಟಿದಾಗ ನಿಲ್ಲುತ್ತಿದ್ದದ್ದು 132.47 ಟಿಎಂಸಿ, ಈಗ 105.79. ಹೂಳು ನುಂಗಿದ್ದು ಸುಮಾರು 26.7 ಟಿಎಂಸಿ. ನವಿಲುತೀರ್ಥ ಜಲಾಶಯದ ಹತ್ತರಲ್ಲಿ ಏಳು ಪಾಲು ಅದು. ಹುಬ್ಬಳ್ಳಿ–ಧಾರವಾಡಕ್ಕೆ ಹದಿನೈದು ವರ್ಷದ ನೀರು.

● ಸಂವಿಧಾನದ 262ನೆಯ ವಿಧಿ ಅಂತರರಾಜ್ಯ ನದಿ ವಿವಾದಗಳನ್ನು ನ್ಯಾಯಾಲಯದಿಂದ ದೂರ ಇಡಲು ಸಂಸತ್ತಿಗೆ ಅಧಿಕಾರ ಕೊಟ್ಟಿದೆ. 1956ರಲ್ಲಿ ಎರಡು ಕಾಯ್ದೆಗಳು ಬಂದವು. ಒಂದು ವಿವಾದ ಬಗೆಹರಿಸಲು, ಇನ್ನೊಂದು ವಿವಾದವೇ ಹುಟ್ಟದಂತೆ ನದಿ ಮಂಡಳಿ ರಚಿಸಲು. ಮೊದಲನೆಯ ಕಾಯ್ದೆಯಿಂದ ನ್ಯಾಯಮಂಡಳಿಗಳ ಸಾಲೇ ಹುಟ್ಟಿತು. ಎರಡನೆಯದರ ಅಡಿಯಲ್ಲಿ ಒಂದೇ ಒಂದು ಮಂಡಳಿಯೂ ರಚನೆಯಾಗಲಿಲ್ಲ. 2002ರ ತಿದ್ದುಪಡಿ ನ್ಯಾಯಮಂಡಳಿಗೆ ಮೂರು ವರ್ಷ, ಬೇಕಾದರೆ ಇನ್ನೆರಡು ವರ್ಷ ಗಡುವು ಹಾಕಿತು. ಆ ತಿದ್ದುಪಡಿ ಬಂದ ಮೇಲೆಯೇ ಹುಟ್ಟಿದ ಮಹದಾಯಿ ಮಂಡಳಿ ತೀರ್ಪು ಕೊಟ್ಟದ್ದು ರಚನೆಯಾಗಿ ಎಂಟನೆಯ ವರ್ಷದಲ್ಲಿ.

● ಕಾವೇರಿ ತೀರ್ಪಿಗೂ ಹುಬ್ಬಳ್ಳಿಗೂ ಏನು ಸಂಬಂಧ? ಇದೆ. ಬೆಂಗಳೂರಿನ ಮೂರರಲ್ಲೊಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು 2007ರಲ್ಲಿ ನ್ಯಾಯಮಂಡಳಿ ನೀರನ್ನು ಕಡಿಮೆ ಲೆಕ್ಕ ಹಾಕಿತ್ತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಕುಡಿಯುವ ನೀರಿನ ಅಗತ್ಯವನ್ನು ಕೊಳ್ಳದ ಗೆರೆ ಎಳೆದು ತುಂಡರಿಸಲಾಗದು ಎಂಬ ನೆಲೆಯಲ್ಲಿ ಇಡೀ ನಗರವನ್ನು ಪರಿಗಣಿಸಿ 4.75 ಟಿಎಂಸಿ ಹೆಚ್ಚು ಕೊಟ್ಟಿತು. ನೀರು ಇಬ್ಭಾಗವಾಗುವ ದಿಬ್ಬದ ಮೇಲೆ ಕೂತ ನಮ್ಮ ಊರಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಸಿಗಲಾರದು.

● ‘ಇವತ್ತ ನಳ ಬರತೈತೇನ್ರಿ?’ ನೆರೆಹೊರೆಯವರು ಹೀಗೆ ಕೇಳಿಕೊಳ್ಳುವ ಊರಿನಲ್ಲೇ, ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ 2008ರ ಸುಮಾರಿಗೆ ಕೆಲವು ವಾರ್ಡುಗಳಲ್ಲಿ ನಡೆಯಿತು. ವಿಶ್ವಬ್ಯಾಂಕಿನ ನೆರವು ಇತ್ತು. ಬೆಳಗಾವಿ, ಕಲಬುರಗಿಗಳೂ ಆ ಪ್ರಯೋಗದಲ್ಲಿದ್ದವು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿ ಮನೆಮನೆ ತಿರುಗಿ ಎರಡೂ ಬಗೆಯ ವಾರ್ಡುಗಳನ್ನು ಹೋಲಿಸಿದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಎಡೆಬಿಡದೆ ನೀರು ಬರುವ ಕಡೆ ಟೈಫಾಯ್ಡ್ ಕಡಿಮೆ. ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆ. ಒಟ್ಟಾರೆ ಅತಿಸಾರದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೀರು ಬಿಟ್ಟುಬಿಟ್ಟು ಬರುವ ಕಡೆ ಕಾಯಿಲೆ ಹೆಚ್ಚಲು ಕಾರಣ ಸರಳ. ಪೈಪಿನಲ್ಲಿ ನೀರಿಲ್ಲದ ದಿನಗಳಲ್ಲಿ ಒಡಕುಗಳ ಮೂಲಕ ಹೊರಗಿನ ಹೊಲಸು ಒಳಸೇರುತ್ತದೆ. ನೀರು ಬಿಟ್ಟಾಗ ಮೊದಲು ಮನೆಗೆ ಬರುವುದು ಅದೇ. ನಳ ಬಂದ ಕೂಡಲೇ ಕುಡಿಯುವ ಕೊಡ ಹಿಡಿಯಬೇಡಿ. ಮೊದಲ ನೀರು ಬಳಸಲಿಕ್ಕೆ ಇರಲಿ, ತಿಳಿಯಾದ ಮೇಲೆ ಕುಡಿಯಲಿಕ್ಕೆ ತುಂಬಿ.

● ಕೊನೆಯದಾಗಿ ನಿಮ್ಮದೇ ಕೆಲಸವೊಂದು. ರೇಣುಕಾಸಾಗರದ ಪೂರ್ಣ ಮಟ್ಟ 2,079.50 ಅಡಿ. ಇಂದಿನ ಮಟ್ಟ, ಒಳಹರಿವು, ಹೊರಹರಿವು ಮಳೆಗಾಲದುದ್ದಕ್ಕೂ ಪತ್ರಿಕೆಯ ಒಂದು ಮೂಲೆಯಲ್ಲಿ ಬರುತ್ತವೆ. ಕ್ರಿಕೆಟ್ ಸ್ಕೋರಿನ ಜೊತೆಗೆ ಅದನ್ನೂ ದಿನಾ ನೋಡಿ, ಮಕ್ಕಳಿಗೂ ತೋರಿಸಿ. ಅಕ್ಟೋಬರಿನ ಅಂಕಿ ನೋಡಿದರೆ ಮೇ ತಿಂಗಳಲ್ಲಿ ನಳ ಎಷ್ಟು ದಿನಕ್ಕೊಮ್ಮೆ ಬಂದೀತೆಂದು ನೀವೇ ಹೇಳಬಲ್ಲಿರಿ. ನಿಮ್ಮ ಓಣಿಯ ಪೈಪು ಒಡೆದು ನೀರು ರಸ್ತೆಗೆ ಹರಿಯುತ್ತಿದ್ದರೆ ಯಾರಾದರೂ ಹೇಳಿಯಾರು ಎಂದು ಕಾಯದೆ ಅಂದೇ ದೂರು ಕೊಡಿ. ವಾರ್ಡಿನ ಸಭೆಯಲ್ಲಿ ನಿಮ್ಮ ಕಾರ್ಪೊರೇಟರರನ್ನು ಎರಡು ಪ್ರಶ್ನೆ ಕೇಳಿ: ಅಮ್ಮಿನಭಾವಿಯಿಂದ ಹೊರಟ ನೀರಿನಲ್ಲಿ ನಮ್ಮ ಮೀಟರಿಗೆ ಬಂದು ಮುಟ್ಟಿದ್ದು ಎಷ್ಟು? ಬೆಣ್ಣಿಹಳ್ಳಕ್ಕೆ ಶುದ್ಧ ಮಾಡಿ ಬಿಟ್ಟದ್ದು ಎಷ್ಟು?